ತಲೆಗೆ ಪೆಟ್ಟು ಬಿದ್ದವರಿಗೆ ಸ್ಕೋಲಿನ್ ಕೊಟ್ಟೆ, ತಪ್ಪಾಯ್ತಾ ಸರ್?

ಪ್ರಶ್ನೆ: ಸರ್, ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ಡ್ಯೂಟಿ ಡಾಕ್ಟರ್. ಕಳೆದ ತಿಂಗಳು ಒಂದು ಸಂಜೆ, ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದ 34 ವರ್ಷದ ಕೊನೆಗಾರರೊಬ್ಬರನ್ನು ಕರೆತಂದರು. ಜಿಸಿಎಸ್ (ಎಚ್ಚರದ ಮಟ್ಟ, 15ಕ್ಕೆ) 6. ಬಲಗಣ್ಣಿನ ಪಾಪೆ ಸ್ವಲ್ಪ ದೊಡ್ಡದಾಗಿತ್ತು. ಬಾಯಲ್ಲಿ ರಕ್ತ, ಹಲ್ಲು ಕಚ್ಚಿಕೊಂಡಿದ್ದರು. ಬಿಪಿ 130/80, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 88. ನಮ್ಮ ಅರಿವಳಿಕೆ ತಜ್ಞರು ರಜೆಯಲ್ಲಿದ್ದರು. ನಿದ್ದೆಗೆ ಕೆಟಮಿನ್ ಕೊಟ್ಟು, ಸ್ನಾಯು ಸಡಿಲಿಸುವ ಸ್ಕೋಲಿನ್ (ಸಕ್ಸಿನೈಲ್‌ಕೋಲಿನ್) 100 ಮಿ.ಗ್ರಾಂ ಹಾಕಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದೆ. ಮೊದಲ ಸಲಕ್ಕೇ ಹೋಯಿತು, ಸ್ಯಾಚುರೇಷನ್ 98ಕ್ಕೆ ಬಂತು. ರೆಫರ್ ಮಾಡಿದ ಆಸ್ಪತ್ರೆಯಲ್ಲಿ ಒಬ್ಬ ಹಿರಿಯರು ಎಲ್ಲರೆದುರು, "ಹೆಡ್ ಇಂಜುರಿಗೆ ಯಾರಾದ್ರೂ ಸ್ಕೋಲಿನ್ ಕೊಡ್ತಾರಾ? ಮೆದುಳಿನ ಪ್ರೆಶರ್ ಏರಲ್ವಾ? ರೊಕ್ಯುರೋನಿಯಂ ಕೊಡೋದಲ್ವಾ?" ಅಂದರು. ಅದೂ ಸ್ಕೋಲಿನ್ ಹಾಗೆ ಸ್ನಾಯು ಸಡಿಲಿಸುವ ರಿಲ್ಯಾಕ್ಸಂಟೇ, ಆದರೆ ನಮ್ಮಲ್ಲಿ ಇದ್ದದ್ದು ಒಂದೇ ವಯಲ್. ಇನ್ನೊಬ್ಬ ಸಹೋದ್ಯೋಗಿ, "ರಿಲ್ಯಾಕ್ಸಂಟೇ ಬೇಡ, ನಿದ್ದೆಗೆ ಮಿಡಜೋಲಮ್ ಕೊಟ್ಟು ಟ್ಯೂಬ್ ಹಾಕಿ" ಅನ್ನುತ್ತಾರೆ. ರೋಗಿಗೆ ಆಪರೇಷನ್ ಆಯಿತು, ಆದರೆ ಇನ್ನೂ ಸರಿಯಾಗಿ ಎಚ್ಚರ ಬಂದಿಲ್ಲ. ನನ್ನ ಇಂಜೆಕ್ಷನ್ನಿಂದ ಹೀಗಾಯ್ತಾ? ಮುಂದಿನ ಸಲ ಏನು ಕೊಡಲಿ?

ಉತ್ತರ:

ಡಾಕ್ಟ್ರೇ, ಮೊದಲು ನಿಮ್ಮನ್ನು ಕೊರೆಯುತ್ತಿರುವ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ, ಅವರಿಗೆ ಎಚ್ಚರ ಬಾರದಿರುವುದಕ್ಕೆ ಸ್ಕೋಲಿನ್ ಕಾರಣ ಅನ್ನಲು ನನಗೇನೂ ಕಾಣುತ್ತಿಲ್ಲ. ನೀವು ಹಾಕಿದ 100 ಮಿ.ಗ್ರಾಂನ ಕೆಲಸ ಹತ್ತು ನಿಮಿಷದಲ್ಲಿ ಮುಗಿದಿರುತ್ತದೆ. ಮೆದುಳಿಗೆ ಏಟು ಬಿದ್ದದ್ದು ತೋಟದಲ್ಲಿ. ಪಾಪೆ ದೊಡ್ಡದಾಗಿದ್ದು ನೀವು ಸಿರಿಂಜ್ ಹಿಡಿಯುವ ಮುಂಚೆ. 88 ಇದ್ದ ಸ್ಯಾಚುರೇಷನ್ನನ್ನು ಮೊದಲ ಪ್ರಯತ್ನದಲ್ಲೇ 98ಕ್ಕೆ ತಂದಿರಲ್ಲ, ಆ ಸಂಜೆ ಅವರ ಮೆದುಳಿಗೆ ಬೇಕಾಗಿದ್ದುದು ಅದು.

ಹಾಗಂತ ಆ ಹಿರಿಯರು ಸುಮ್ನೆ ಏನೋ ಹೇಳಿದರು ಅಂತಲೂ ಅಲ್ಲ. ನಾನು ಪಿಜಿ ಮಾಡುವಾಗ ನಮಗೂ ಇದನ್ನೇ ಕಲಿಸಿದ್ದರು. ವೈವಾದಲ್ಲಿ "ಸ್ಕೋಲಿನ್ ಯಾರಿಗೆ ಕೊಡಬಾರದು" ಎಂದು ಕೇಳಿದರೆ ಹೆಡ್ ಇಂಜುರಿ ಹೇಳದಿದ್ದವನಿಗೆ ಮಾರ್ಕ್ಸ್ ಇಲ್ಲ. ಸ್ಕೋಲಿನ್ ಕೊಟ್ಟಾಗ ಮೈಯೆಲ್ಲ ಸಣ್ಣಗೆ ಅದುರುತ್ತದೆ, ನೀವೂ ನೋಡಿರುತ್ತೀರಿ: ಹುಬ್ಬಿನಿಂದ ಶುರುವಾಗಿ ಎದೆ, ತೊಡೆ, ಕಾಲಿನವರೆಗೆ. ಆ ಅದುರುವಿಕೆಯಿಂದ ಮೆದುಳಿಗೆ ರಕ್ತ ಜಾಸ್ತಿ ನುಗ್ಗುತ್ತದೆ, ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ ಅನ್ನೋದು ವಾದ. 1986ರಲ್ಲಿ ಮೆದುಳಿನ ಗಡ್ಡೆ ಇರುವ ರೋಗಿಗಳಲ್ಲಿ ಅಳೆದು ನೋಡಿದಾಗ ಒತ್ತಡ ಸ್ವಲ್ಪ ಏರಿದ್ದು ನಿಜ. ಆದರೆ 1994ರಲ್ಲಿ, ಮೆದುಳಿಗೆ ಹಾನಿಯಾಗಿ ವೆಂಟಿಲೇಟರ್ ಮೇಲಿದ್ದ 10 ಮಂದಿಯಲ್ಲಿ ಒತ್ತಡ, ರಕ್ತದ ಹರಿವು, ಇಇಜಿ (ಮೆದುಳಿನ ವಿದ್ಯುತ್ ಅಲೆ) ಮೂರನ್ನೂ ನೋಡಿದರು. ಏನೂ ಬದಲಾಗಲಿಲ್ಲ. 1996ರಲ್ಲಿ ತಲೆಗೆ ಪೆಟ್ಟಾದವರಲ್ಲೇ ನೋಡಿದಾಗಲೂ ಒತ್ತಡ ಏರಲಿಲ್ಲ. ಎಲ್ಲವೂ ಚಿಕ್ಕ ಅಧ್ಯಯನಗಳೇ, ಒಪ್ಪಿದೆ. ಆದರೂ ಏರುವ ಒತ್ತಡ ಎಷ್ಟು, ಎಷ್ಟು ಹೊತ್ತು ಎಂದು ಕೇಳಿದರೆ ಸ್ವಲ್ಪ, ಕೆಲವು ನಿಮಿಷ ಅಷ್ಟೇ.

ಇದನ್ನು ಬೇರೆ ಸಂಗತಿಗಳ ಪಕ್ಕ ಇಟ್ಟು ನೋಡಿ. ಅರ್ಧಂಬರ್ಧ ನಿದ್ದೆಯಲ್ಲಿರುವವನ ಗಂಟಲಿಗೆ ಲ್ಯಾರಿಂಗೋಸ್ಕೋಪ್ (ಟ್ಯೂಬಿನ ದಾರಿ ನೋಡುವ ಬ್ಲೇಡ್) ಹಾಕಿ ಎತ್ತಿದಿರಿ, ಅವನು ಕೆಮ್ಮಿದ. ಆ ಒಂದು ಕೆಮ್ಮು ಏರಿಸುವ ಒತ್ತಡದ ಮುಂದೆ ಸ್ಕೋಲಿನ್ ಏನೂ ಅಲ್ಲ. ಉಸಿರು ನಿಂತು ಕಾರ್ಬನ್ ಡೈಆಕ್ಸೈಡ್ ಏರಿದರೆ, ಪ್ರತಿ 1 ಎಂಎಂ ಏರಿಕೆಗೂ ಮೆದುಳಿನ ರಕ್ತದ ಹರಿವು ಸುಮಾರು 3 ಪರ್ಸೆಂಟ್ ಹೆಚ್ಚುತ್ತದೆ. ಬುರುಡೆ ಹಿಗ್ಗುವುದಿಲ್ಲ, ಒತ್ತಡ ಏರಲೇಬೇಕು. ಇನ್ನು ಬಿಪಿ. ತಲೆಗೆ ಜೋರು ಪೆಟ್ಟಾದವರಲ್ಲಿ ಮೇಲಿನ ಬಿಪಿ ಒಂದೇ ಒಂದು ಸಲ 90ಕ್ಕಿಂತ ಕೆಳಗಿಳಿದರೂ ಸಾಯುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅನ್ನೋದು 1993ರಿಂದಲೇ ನಮಗೆ ಗೊತ್ತು. ಹಾಗಾಗಿ ನಾನಾಗಿದ್ದರೆ ನಿಮ್ಮನ್ನು ಬೇರೆಯೇ ಕೇಳುತ್ತಿದ್ದೆ: ಎಷ್ಟು ಸಲಕ್ಕೆ ಟ್ಯೂಬ್ ಹೋಯಿತು? ಆಗ ಬಿಪಿ ಎಷ್ಟಿತ್ತು? ಸ್ಯಾಚುರೇಷನ್ ಎಷ್ಟಕ್ಕೆ ಇಳಿದಿತ್ತು? ಆಮೇಲೆ ನಿದ್ದೆಗೆ ಏನು ಕೊಟ್ಟಿರಿ? ಕೊನೆಯದಕ್ಕೆ ನಿಮ್ಮ ಪತ್ರದಲ್ಲಿ ಉತ್ತರ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಸಹೋದ್ಯೋಗಿಯ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ರಿಲ್ಯಾಕ್ಸಂಟ್ ಇಲ್ಲದೆ ಬರೀ ಮಿಡಜೋಲಮ್ ಮೇಲೆ ಟ್ಯೂಬ್ ಹಾಕೋದು ನೋಡಲಿಕ್ಕೆ ಸೇಫ್ ಅನಿಸುತ್ತದೆ, ಉಸಿರು ನಡೀತಾನೇ ಇರುತ್ತಲ್ಲ ಅಂತ. ಆದರೆ ಹಲ್ಲು ಬಿಡುವುದಿಲ್ಲ. ಇನ್ನೆರಡು ಮಿ.ಗ್ರಾಂ ಕೊಡುತ್ತೀರಿ. ಬಾಯಿ ಅರ್ಧ ತೆರೆಯುತ್ತದೆ, ಬ್ಲೇಡ್ ಒಳಗೆ ಹೋದ ಕೂಡಲೇ ಓಕರಿಕೆ, ವಾಂತಿ. ಮತ್ತೆರಡು ಮಿ.ಗ್ರಾಂ. ಈಗ ಬಿಪಿಯೂ ಬಿತ್ತು. ಮೂರನೇ ಪ್ರಯತ್ನದ ಹೊತ್ತಿಗೆ ಗಂಟಲು ಊದಿರುತ್ತದೆ, ಹೊಟ್ಟೆಯಲ್ಲಿದ್ದ ಗಂಜಿ ಶ್ವಾಸಕೋಶದಲ್ಲಿರುತ್ತದೆ. ಈ ದಾರಿಯಲ್ಲಿ ಬಂದ ರೋಗಿಗಳನ್ನು ನಾನು ಐಸಿಯುನಲ್ಲಿ ಬಹಳ ನೋಡಿದ್ದೇನೆ. ಮುಖವೇ ಜಜ್ಜಿಹೋಗಿದೆ, ಟ್ಯೂಬ್ ಹೋಗುವ ಭರವಸೆಯೇ ಇಲ್ಲ, ಮಾಸ್ಕ್ ಕೂಡ ಕೂರುವುದಿಲ್ಲ ಅನ್ನುವ ಕೇಸ್ ಬೇರೆ. ಅಲ್ಲಿ ರಿಲ್ಯಾಕ್ಸಂಟ್ ಕೊಟ್ಟು ಉಸಿರು ನಿಲ್ಲಿಸುವ ಧೈರ್ಯ ಮಾಡಬೇಡಿ. ಆಕ್ಸಿಜನ್, ಸಕ್ಷನ್, ಮಗ್ಗುಲಿಗೆ ತಿರುಗಿಸಿ ಇಟ್ಟು ಸಹಾಯಕ್ಕೆ ಫೋನ್ ಮಾಡಿ. ಉಳಿದವರಿಗೆ ರಿಲ್ಯಾಕ್ಸಂಟ್ ಬೇಕೇ ಬೇಕು.

ಸರಿ, ಯಾವುದು?

ಸ್ಕೋಲಿನ್‌ನ ಗುಣ ಅದರ ವೇಗ. ಕೆ.ಜಿ.ಗೆ 1.5 ಮಿ.ಗ್ರಾಂ ಕೊಟ್ಟರೆ ಮುಕ್ಕಾಲರಿಂದ ಒಂದು ನಿಮಿಷದಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಔಷಧಿ ಹಿಡಿದಿದೆಯಾ ಇಲ್ಲವಾ ಅನ್ನುವ ಅನುಮಾನವೇ ಇಲ್ಲ, ಅದುರಿ ನಿಂತರೆ ಸಿದ್ಧ ಅಂತ ಅರ್ಥ. ಹತ್ತು ನಿಮಿಷದೊಳಗೆ ಮತ್ತೆ ಕೈಕಾಲು ಆಡುತ್ತವೆ. ನ್ಯೂರೋಸರ್ಜನ್‌ಗೆ ಅದು ಇಷ್ಟ, ಅವರು ಬಂದು ನೋಡುವಾಗ ಯಾವ ಕಡೆ ಬಲ ಕಡಿಮೆ ಅಂತ ಪರೀಕ್ಷೆ ಮಾಡಬಹುದು. ಫಿಟ್ಸ್ ಬಂದರೂ ಕಣ್ಣಿಗೆ ಕಾಣುತ್ತದೆ.

ಅದರ ನಿಜವಾದ ಅಪಾಯ ಮೆದುಳಿನ ಒತ್ತಡದಲ್ಲಿಲ್ಲ, ಪೊಟ್ಯಾಸಿಯಂನಲ್ಲಿದೆ. ಸಾಮಾನ್ಯ ಮನುಷ್ಯನಲ್ಲಿ ಪೊಟ್ಯಾಸಿಯಂ ಅರ್ಧ ಪಾಯಿಂಟ್ ಏರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನರದ ಸಂಪರ್ಕ ತಪ್ಪಿ ಕೆಲವು ದಿನ ಕಳೆದ ಸ್ನಾಯು, ಸುಟ್ಟು ಕೆಲವು ದಿನವಾದ ಮೈ, ವಾರಗಟ್ಟಲೆ ಹಾಸಿಗೆ ಹಿಡಿದ ಮೈ, ಇವು ಸ್ಕೋಲಿನ್ ತಾಗಿದ ಕೂಡಲೇ ಪೊಟ್ಯಾಸಿಯಂ ಸುರಿದುಬಿಡುತ್ತವೆ. ಹೃದಯ ಅಲ್ಲೇ ನಿಲ್ಲಬಹುದು. ನಿಮ್ಮ ಕೊನೆಗಾರರಿಗೆ ಆ ಭಯ ಇರಲಿಲ್ಲ. ಹೊಸ ಗಾಯದಲ್ಲಿ ಮೊದಲ ಒಂದೆರಡು ದಿನ ಈ ತೊಂದರೆ ಇಲ್ಲ. ಆದರೆ ನಮ್ಮ ಕಡೆ ಇನ್ನೊಂದು ಥರದ ರೋಗಿ ಇರುತ್ತಾರೆ ನೋಡಿ. ಹೋದ ವರ್ಷ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು, ಈಗ ಮಂಚದಿಂದ ಬಿದ್ದು ತಲೆಗೆ ಪೆಟ್ಟಾಗಿ ಬರುತ್ತಾರೆ. ಅವರಿಗೆ ಸ್ಕೋಲಿನ್ ಮುಟ್ಟಲೇಬೇಡಿ. ನಿಮ್ಮದೇ ರೋಗಿಗೆ ಐದನೇ ದಿನ ಐಸಿಯುನಲ್ಲಿ ಟ್ಯೂಬ್ ಬದಲಿಸಬೇಕಾದರೂ ಸ್ಕೋಲಿನ್ ಬೇಡ. ಕಿಡ್ನಿ ಹೋಗಿ ಪೊಟ್ಯಾಸಿಯಂ ಆಗಲೇ ಜಾಸ್ತಿ ಇರುವವರಿಗೂ ಬೇಡ.

ಎರಡನೆಯದು, ಸ್ಕೋಲಿನ್ನನ್ನು ಒಡೆಯುವ ಕಿಣ್ವ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಕಡಿಮೆ. ಆರ್ಯ ವೈಶ್ಯ ಸಮುದಾಯದ ಕೆಲವು ಕುಟುಂಬಗಳಲ್ಲಿ ಇದು ಹೆಚ್ಚು ಅನ್ನೋದು ದಕ್ಷಿಣ ಭಾರತದ ಅರಿವಳಿಕೆ ತಜ್ಞರಿಗೆ ಹಳೆಯ ವಿಷಯ. ಅಂಥವರಲ್ಲಿ ಹತ್ತು ನಿಮಿಷದ ಔಷಧಿ ಗಂಟೆಗಟ್ಟಲೆ ಎಳೆಯುತ್ತದೆ. ಜೀವಕ್ಕೇನೂ ಆಗುವುದಿಲ್ಲ, ಅಲ್ಲಿಯವರೆಗೆ ಅಂಬು (ಉಸಿರು ಕೊಡುವ ಕೈಚೀಲ) ಒತ್ತುತ್ತಾ, ನಿದ್ದೆಯಲ್ಲಿಟ್ಟಿರಬೇಕು ಅಷ್ಟೇ. ಮನೆಯವರನ್ನು ಒಂದು ಮಾತು ಕೇಳಿ: "ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಆದಮೇಲೆ ಉಸಿರು ಬರೋದು ತಡ ಆಗಿತ್ತಾ?" ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಹೋದವರಲ್ಲೂ ಇದೇ ಕಥೆ. ತೋಟದಿಂದ ಬಂದವರ ಬಟ್ಟೆ ಮೂಸಿ ನೋಡಿ ಅಂತ ನಾನು ಹುಡುಗರಿಗೆ ಹೇಳುವುದು ಅದಕ್ಕೇ. (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಬರೀ ಮೈಲುತುತ್ತ, ಸುಣ್ಣ. ಅದರಿಂದ ಈ ತೊಂದರೆ ಇಲ್ಲ.)

ಮೂರನೆಯದು ಪುಸ್ತಕದಲ್ಲಿ ಇಷ್ಟು ಜೋರಾಗಿ ಬರೆದಿರುವುದಿಲ್ಲ. ಸ್ಕೋಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿ. ಆಷಾಢದ ಮಳೆಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋದರೆ, ಜನರೇಟರ್ ಓಟಿಗೆ ಮಾತ್ರ ಅಂತಾದರೆ, ನಿಮ್ಮ ಎಮರ್ಜೆನ್ಸಿಯ ಫ್ರಿಜ್ ಏನಾಗಿರುತ್ತದೆ? ಹೊರಗೆ ಇಟ್ಟ ಸ್ಕೋಲಿನ್ ದಿನದಿನಕ್ಕೆ ಬಲ ಕಳೆದುಕೊಳ್ಳುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ನೀರಿನ ಹಾಗೇ ಇರುತ್ತದೆ. ಹೊರಗೆ ತೆಗೆದ ತಾರೀಕನ್ನು ವಯಲ್ ಮೇಲೆ ಪ್ಲಾಸ್ಟರ್ ಅಂಟಿಸಿ ಬರೆಯಿರಿ. ಎರಡು ವಾರ ದಾಟಿದ್ದನ್ನು ಎಸೆಯಿರಿ.

ರೊಕ್ಯುರೋನಿಯಂ ಈ ವಿಷಯದಲ್ಲಿ ಸ್ವಲ್ಪ ಗಟ್ಟಿ. ಅದೂ ಫ್ರಿಜ್‌ನದ್ದೇ, ಆದರೆ ಹೊರಗೆ ಎರಡು ತಿಂಗಳು ತಡೆಯುತ್ತದೆ. ಪೊಟ್ಯಾಸಿಯಂ ಏರಿಸುವುದಿಲ್ಲ, ಅದುರಿಸುವುದಿಲ್ಲ, ಯಾವ ಹಳೆಯ ಪಾರ್ಶ್ವವಾಯು ಇದ್ದರೂ ಕೊಡಬಹುದು. 2016ರ ಒಂದು ಅಧ್ಯಯನದಲ್ಲಿ, ತಲೆಗೆ ಅತಿ ತೀವ್ರ ಪೆಟ್ಟಾದವರ ಗುಂಪಿನಲ್ಲಿ ಸ್ಕೋಲಿನ್ ಪಡೆದವರಲ್ಲಿ ಸಾವು ಹೆಚ್ಚು ಕಂಡಿತ್ತು. ನಿಮ್ಮ ಹಿರಿಯರ ಮನಸ್ಸಿನಲ್ಲಿ ಅದೇ ಇದ್ದಿರಬಹುದು. ಆದರೆ ಅದು ಹಳೆಯ ಕೇಸ್‌ಶೀಟ್ ತೆಗೆದು ಎಣಿಸಿದ ಲೆಕ್ಕ. ಯಾರಿಗೆ ಯಾವುದು ಕೊಡಬೇಕು ಅಂತ ಚೀಟಿ ಎತ್ತಿ ಮಾಡಿದ್ದಲ್ಲ. ನಾನು ಅದನ್ನು ಗಮನದಲ್ಲಿ ಇಟ್ಟುಕೊಂಡಿದ್ದೇನೆ, ತೀರ್ಪು ಅಂತ ಒಪ್ಪಿಲ್ಲ. ಚೀಟಿ ಎತ್ತಿ ಮಾಡಿದ ದೊಡ್ಡದು 2019ರಲ್ಲಿ ಫ್ರಾನ್ಸಿನಿಂದ ಬಂತು. ಆಸ್ಪತ್ರೆ ಹೊರಗೆ ಟ್ಯೂಬ್ ಹಾಕಿಸಿಕೊಂಡ 1248 ರೋಗಿಗಳು, ಎಲ್ಲ ಥರದ ಕಾಯಿಲೆಯವರು. ಮೊದಲ ಸಲಕ್ಕೆ ಟ್ಯೂಬ್ ಹೋದದ್ದು ಸ್ಕೋಲಿನ್‌ನಲ್ಲಿ 79.4 ಪರ್ಸೆಂಟ್, ರೊಕ್ಯುರೋನಿಯಂನಲ್ಲಿ 74.6. ಅಂತರ ದೊಡ್ಡದಲ್ಲ, ಆದರೆ ಎರಡೂ ಒಂದೇ ಅಂತ ಆಣೆ ಹಾಕಿ ಹೇಳುವಷ್ಟು ಚಿಕ್ಕದೂ ಅಲ್ಲ.

ಇಲ್ಲಿ ನಿಮ್ಮ "ಒಂದೇ ವಯಲ್" ಮಾತಿಗೆ ಬರೋಣ, ನನಗೆ ಇಡೀ ಪತ್ರದಲ್ಲಿ ಮುಖ್ಯ ಅನಿಸಿದ್ದು ಅದೇ. ರೊಕ್ಯುರೋನಿಯಂ ಸ್ಕೋಲಿನ್‌ನಷ್ಟು ಬೇಗ ಕೆಲಸ ಮಾಡಬೇಕಾದರೆ ಕೆ.ಜಿ.ಗೆ 1.2 ಮಿ.ಗ್ರಾಂ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಯಲ್ 5 ಎಂಎಲ್, ಅದರಲ್ಲಿ 50 ಮಿ.ಗ್ರಾಂ. ಕೊನೆಗಾರರ ತೂಕ 60 ಕೆ.ಜಿ. ಅಂದುಕೊಳ್ಳಿ. 72 ಮಿ.ಗ್ರಾಂ ಬೇಕು, ಒಂದೂವರೆ ವಯಲ್. ನಿಮ್ಮ ಹತ್ತಿರ ಇದ್ದದ್ದು ಒಂದು. ಅಷ್ಟನ್ನೇ ಹಾಕಿದ್ದರೆ ಕೆ.ಜಿ.ಗೆ 0.8 ಆಗುತ್ತಿತ್ತು. ಒಂದು ನಿಮಿಷಕ್ಕೆ ಬ್ಲೇಡ್ ಹಾಕಿದಾಗ ದವಡೆ ಇನ್ನೂ ಬಿಗಿ, ಟ್ಯೂಬ್ ಸ್ವರತಂತುಗಳಿಗೆ ತಾಗಿದಾಗ ಜೋರು ಕೆಮ್ಮು. ಮೆದುಳಿನ ಒತ್ತಡ ಏರಬಾರದು ಅಂತ ರೊಕ್ಯುರೋನಿಯಂ ಆರಿಸಿ, ಕಡಿಮೆ ಡೋಸ್ ಕೊಟ್ಟು, ಕೆಮ್ಮಿಸಿ ಏರಿಸಿದ ಹಾಗೆ. ಹಾಗಾಗಿ ಆ ಸಂಜೆ ನಿಮ್ಮ ಕೈಲಿದ್ದುದರಲ್ಲಿ ಸ್ಕೋಲಿನ್ ಸರಿಯಾದ ಆಯ್ಕೆಯೇ.

ಇನ್ನೊಂದು ಎಚ್ಚರ. ರಕ್ತ ಸೋರಿ ಬಿಪಿ ಕುಸಿದವರಲ್ಲಿ ಔಷಧಿ ತೋಳಿನಿಂದ ಸ್ನಾಯುವಿಗೆ ತಲುಪುವುದೇ ನಿಧಾನ. ಅಲ್ಲಿ ಗಡಿಯಾರ ನೋಡಿ ಪೂರ್ತಿ ಒಂದೂವರೆ ನಿಮಿಷ ಕಾಯಿರಿ. ಎಮರ್ಜೆನ್ಸಿಯಲ್ಲಿ ಒಂದು ನಿಮಿಷ ಅಂದುಕೊಂಡದ್ದು ಹೆಚ್ಚಾಗಿ ಇಪ್ಪತ್ತೇ ಸೆಕೆಂಡ್ ಆಗಿರುತ್ತದೆ. ಒಬ್ಬ ಸಿಸ್ಟರ್‌ಗೆ ಹೇಳಿ ಜೋರಾಗಿ ಎಣಿಸಲು.

ವೆಕುರೋನಿಯಂ ಅನ್ನುವ ಇನ್ನೊಂದು ರಿಲ್ಯಾಕ್ಸಂಟ್ ನಿಮ್ಮಲ್ಲಿ ಧಾರಾಳ ಇರಬಹುದು, ಪುಡಿ ರೂಪದಲ್ಲಿ, ಫ್ರಿಜ್ ಬೇಡ. ಮಾಮೂಲಿ ಡೋಸ್‌ನಲ್ಲಿ ಎರಡೂವರೆ ಮೂರು ನಿಮಿಷ ಬೇಕು. 88 ಸ್ಯಾಚುರೇಷನ್ ಇರುವವರಿಗೆ ಅಷ್ಟು ಹೊತ್ತು ಇಲ್ಲ. ಟ್ಯೂಬ್ ಹಾಕಿದಮೇಲೆ ದಾರಿಯಲ್ಲಿ ಬೇಕಾದರೆ ಅದು ಸರಿ. ಅಟ್ರಾಕ್ಯುರಿಯಂ ಕೂಡ ನಿಧಾನ, ಮೇಲಿಂದ ಬಿಪಿ ಇಳಿಸುವ ಚಾಳಿ. ಇದಕ್ಕೆ ಬೇಡ.

"ಸ್ಕೋಲಿನ್ ಆದ್ರೆ ಟ್ಯೂಬ್ ಹೋಗದಿದ್ರೂ ಬೇಗ ಉಸಿರು ಬರುತ್ತೆ, ಸೇಫ್" ಅಂತ ಹೇಳುವವರಿದ್ದಾರೆ. ಇದನ್ನು ನಂಬಿ ಕೂರಬೇಡಿ. ಸ್ಕೋಲಿನ್ ಇಳಿದು ತಾನಾಗೇ ಉಸಿರಾಡುವ ಹೊತ್ತಿಗೆ ಇಂಥ ರೋಗಿಯ ಸ್ಯಾಚುರೇಷನ್ ಪಾತಾಳಕ್ಕೆ ಹೋಗಿರುತ್ತದೆ. ರೊಕ್ಯುರೋನಿಯಂಗೆ ಸುಗಮಡೆಕ್ಸ್ ಅಂತ ಮದ್ದಿದೆ ನಿಜ. ತಕ್ಷಣ ಇಳಿಸಲು ಕೆ.ಜಿ.ಗೆ 16 ಮಿ.ಗ್ರಾಂ ಬೇಕು. 60 ಕೆ.ಜಿ.ಗೆ 960, ಅಂದರೆ 200ರ ವಯಲ್ ಐದು. ಅಷ್ಟು ದುಬಾರಿ ಔಷಧಿ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ನಾನಂತೂ ನೋಡಿಲ್ಲ. ಇದ್ದರೂ, ಜಿಸಿಎಸ್ 6 ಇದ್ದವರನ್ನು ಎಬ್ಬಿಸಿ ಏನು ಮಾಡುತ್ತೀರಿ? ಅವರ ಸ್ಥಿತಿ ಮೊದಲಿನ ಹಾಗೇ ಇರುತ್ತದೆ, ಟ್ಯೂಬ್ ಬೇಕಾಗಿಯೇ ಇರುತ್ತದೆ. ಟ್ಯೂಬ್ ಹೋಗದಿದ್ದರೆ ಅಂಬು ಮತ್ತು ಮಾಸ್ಕ್, ಅದೂ ಆಗದಿದ್ದರೆ ಎಲ್‌ಎಂಎ (ಗಂಟಲೊಳಗೆ ಕೂರುವ ಮಾಸ್ಕ್), ಕೊನೆಗೆ ಕತ್ತಿನ ಮುಂದೆ ಬ್ಲೇಡಿನಿಂದ ಕೊಯ್ದು ಶ್ವಾಸನಾಳಕ್ಕೆ ದಾರಿ. ಇವು ಟ್ರೇನಲ್ಲಿ ಇಲ್ಲದಿದ್ದರೆ ಯಾವ ರಿಲ್ಯಾಕ್ಸಂಟನ್ನೂ ಸಿರಿಂಜ್‌ಗೆ ಎಳೆಯಬೇಡಿ.

ಈಗ ನಿಮ್ಮ ಪತ್ರದಲ್ಲಿಲ್ಲದ ಆ ವಿಷಯ: ಟ್ಯೂಬ್ ಹಾಕಿದಮೇಲಿನ ನಿದ್ದೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಬೈಕ್ ಹಿಂದೆ ಕೂತಿದ್ದ ಇಪ್ಪತ್ತರ ಹುಡುಗಿ, ದನ ಅಡ್ಡ ಬಂದು ಬಿದ್ದು ತಲೆಗೆ ಪೆಟ್ಟು. ನಿದ್ದೆಗೆ ಒಂದು ಡೋಸ್, ಜೊತೆಗೆ ರೊಕ್ಯುರೋನಿಯಂ. ಟ್ಯೂಬ್ ಸಲೀಸಾಗಿ ಹೋಯಿತು. ಹುಡುಗಿ ಅಲುಗಾಡದೆ ಮಲಗಿದ್ದಳು, ನಾನು ಖುಷಿಯಾಗಿ ಆಂಬುಲೆನ್ಸ್ ಹತ್ತಿದೆ. ದಾರಿಯಲ್ಲಿ ಪಲ್ಸ್ 140 ಆಯಿತು, ಬಿಪಿ ಏರಿತು, ಕಣ್ಣಂಚಲ್ಲಿ ನೀರು. ಮೆದುಳು ಊದುತ್ತಿದೆ ಅಂತ ಮ್ಯಾನಿಟಾಲ್ ಜೋರು ಮಾಡಿದೆ. ಮೂರು ವಾರದ ಮೇಲೆ ಅವಳು ಚೇತರಿಸಿಕೊಂಡಾಗ ನನ್ನನ್ನು ನೋಡಿ ಕೇಳಿದಳು: "ಸರ್, ದಾರೀಲಿ ಡ್ರೈವರ್ ಹತ್ರ ಟೀ ಕುಡಿಯೋಣ ಅಂದಿದ್ದು ನೀವೇ ಅಲ್ವಾ?" ರೊಕ್ಯುರೋನಿಯಂ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿದಿಡುತ್ತದೆ. ನಿದ್ದೆಯ ಔಷಧಿ ಹತ್ತು ಹದಿನೈದು ನಿಮಿಷಕ್ಕೆ ಇಳಿದಿರುತ್ತದೆ. ನಡುವಿನ ಹೊತ್ತು ಅವಳು ಎಚ್ಚರವಾಗಿಯೇ ಇದ್ದಳು, ಬೆರಳು ಕೂಡ ಆಡಿಸಲಾಗದೆ. ಆಗಿನಿಂದ ನಾನು ಟ್ಯೂಬ್ ಹಾಕುವ ಮುಂಚೆಯೇ ನೋವಿಗೆ ಫೆಂಟನಿಲ್, ನಿದ್ದೆಗೆ ಮಿಡಜೋಲಮ್ ಸಿರಿಂಜ್ ತುಂಬಿಸಿ ದಿಂಬಿನ ಪಕ್ಕ ಇಡುತ್ತೇನೆ.

ಸ್ಕೋಲಿನ್ ಕೊಟ್ಟರೆ ತಪ್ಪು ಬೇರೆ ಥರ ತೋರುತ್ತದೆ. ಹತ್ತು ನಿಮಿಷಕ್ಕೆ ಇಳಿದು, ಆಂಬುಲೆನ್ಸ್ ಮೊದಲ ತಿರುವು ದಾಟುವ ಮುಂಚೆ ಟ್ಯೂಬ್ ಮೇಲೆ ಕೆಮ್ಮಲು ಶುರು. ಶಿವಮೊಗ್ಗಕ್ಕೆ ಬಂದರೂ, ಆಗುಂಬೆಯ 14 ತಿರುವು ಇಳಿದು ಮಣಿಪಾಲಕ್ಕೆ ಹೋದರೂ, ನಿದ್ದೆ ಬಿಡದಂತೆ ನೋಡಿಕೊಳ್ಳಬೇಕು.

ಮುಂದಿನ ಸಲಕ್ಕೆ ನನ್ನ ಅಭಿಪ್ರಾಯ ಕೇಳಿದಿರಿ. ಎರಡು ವಯಲ್ ರೊಕ್ಯುರೋನಿಯಂ, ಆಮೇಲಿನ ನಿದ್ದೆಗೆ ಔಷಧಿ, ದೂರದ ದಾರಿ ಇದ್ದರೆ ನಾನು ರೊಕ್ಯುರೋನಿಯಂ ಕಡೆ. ಪೊಟ್ಯಾಸಿಯಂ ಚಿಂತೆ ಇಲ್ಲ, ದಾರಿಯಲ್ಲಿ ಕೆಮ್ಮಿನ ಚಿಂತೆಯೂ ಇಲ್ಲ. ಒಂದೇ ವಯಲ್ ಇದ್ದರೆ, ಹಳೆಯ ಪಾರ್ಶ್ವವಾಯು ಅಥವಾ ಕಿಡ್ನಿ ತೊಂದರೆ ಇಲ್ಲದಿದ್ದರೆ, ಪೂರ್ತಿ ಡೋಸ್ ಸ್ಕೋಲಿನ್. ನಿಮ್ಮ ಕೈ ಯಾವುದಕ್ಕೆ ಪಳಗಿದೆಯೋ ಅದಕ್ಕೂ ಒಂದು ಓಟು ಕೊಡುತ್ತೇನೆ.

ಕೆಟಮಿನ್ ಬಗ್ಗೆ ಹೆದರಬೇಡಿ, ಅದು ಮೆದುಳಿನ ಒತ್ತಡ ಏರಿಸುತ್ತದೆ ಅನ್ನುವ ಹಳೇ ಮಾತಿಗೂ ಈಗ ಬಲ ಇಲ್ಲ. ಬಿಪಿ ಬೀಳಿಸದಿರುವುದು ಅದರ ದೊಡ್ಡ ಗುಣ. 34 ವರ್ಷದವರಲ್ಲಿ ಮೇಲಿನ ಬಿಪಿ 110ಕ್ಕಿಂತ ಕೆಳಗೆ ಬಿಡಬಾರದು, ನಿದ್ದೆಗೆ ಪ್ರೊಪೊಫಾಲ್ ಧಾರಾಳವಾಗಿ ತಳ್ಳಿದರೆ ಅದು ಕೈತಪ್ಪುತ್ತದೆ. ಮೂರು ನಿಮಿಷ ಪೂರ್ತಿ ಆಕ್ಸಿಜನ್ ಕೊಟ್ಟು ಶುರು ಮಾಡಿ. ಕತ್ತಿನ ಕಾಲರ್ ಮುಂಭಾಗ ಬಿಚ್ಚಿ, ಇನ್ನೊಬ್ಬರು ಎರಡೂ ಕೈಯಲ್ಲಿ ತಲೆ ಹಿಡಿದಿರಲಿ. ಟ್ಯೂಬ್ ಕಟ್ಟುವಾಗ ದಾರವನ್ನು ಕತ್ತಿನ ಸುತ್ತ ಬಿಗಿಯಬೇಡಿ. ಕತ್ತಿನ ರಕ್ತನಾಳ ಒತ್ತಿ ಮೆದುಳಿನ ರಕ್ತ ಕೆಳಗಿಳಿಯುವುದಿಲ್ಲ. ಕೆನ್ನೆಗೆ ಪ್ಲಾಸ್ಟರ್ ಹಾಕಿ, ತಲೆಭಾಗ 30 ಡಿಗ್ರಿ ಎತ್ತಿ. ಅಂಬು ಗಾಬರಿಯಲ್ಲಿ ಒತ್ತಬೇಡಿ. ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಯಂತ್ರ) ಇದ್ದರೆ ಅದು 35ರಿಂದ 40ರ ನಡುವೆ ಇರಲಿ, ಇಲ್ಲದಿದ್ದರೆ ಆರು ಸೆಕೆಂಡಿಗೆ ಒಂದು ಒತ್ತು.

ರಿಲ್ಯಾಕ್ಸಂಟ್ ಕೊಡುವ ಮುಂಚೆ ಮೂವತ್ತು ಸೆಕೆಂಡ್ ತೆಗೆದುಕೊಂಡು ಜಿಸಿಎಸ್, ಎರಡೂ ಪಾಪೆ, ನಾಲ್ಕೂ ಕೈಕಾಲು ಆಡುತ್ತವಾ ನೋಡಿ ಬರೆದಿಡಿ. ಆಮೇಲೆ ಆ ಮಾಹಿತಿ ಯಾರಿಗೂ ಸಿಗುವುದಿಲ್ಲ. ಪಾಪೆ ಮಾತ್ರ ಇದಕ್ಕೆ ಹೊರತು, ರಿಲ್ಯಾಕ್ಸಂಟ್ ಪಾಪೆಯ ಸ್ನಾಯುವನ್ನು ಮುಟ್ಟುವುದಿಲ್ಲ. ಮೈಯೆಲ್ಲ ಸಡಿಲವಾಗಿದ್ದರೂ ಟಾರ್ಚ್ ಹಾಕಿದರೆ ಪಾಪೆ ಕಿರಿದಾಗಬೇಕು. ಹಾಗಾಗಿ ಆಂಬುಲೆನ್ಸ್‌ನಲ್ಲಿ ಹೋಗುವ ಸಿಸ್ಟರ್ ಕೈಗೆ ಒಂದು ಟಾರ್ಚ್ ಕೊಟ್ಟು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ನೋಡಲು ಹೇಳಿ. ರೆಫರಲ್ ಚೀಟಿಯ ಮೇಲ್ಭಾಗದಲ್ಲೇ ದೊಡ್ಡದಾಗಿ ಔಷಧಿ, ಡೋಸ್, ಗಂಟೆ ಬರೆಯಿರಿ: "ರೊಕ್ಯುರೋನಿಯಂ 72 ಮಿ.ಗ್ರಾಂ, ಸಂಜೆ 6.40. ಅದಕ್ಕೂ ಮುಂಚೆ ಜಿಸಿಎಸ್ 6, ಎಡಗೈ ಆಡುತ್ತಿರಲಿಲ್ಲ." ನಾಳೆ ಬೆಳಗ್ಗೆ ಫಾರ್ಮಸಿಗೆ ಹೋಗಿ ಎರಡನೇ ವಯಲ್‌ಗೆ ಇಂಡೆಂಟ್ ಹಾಕಿ.